ಬೆಳ್ಳಿ ಇಲ್ಲದ ಹಾಳೆ

ಹೆಚ್ಚಿಟ್ಟ ಬದನೆಕಾಯಿ ಗಾಳಿ ತಾಗಿ ಕಪ್ಪಾಗುತ್ತದಲ್ಲ, ಹಾಗೆ ಕೆಡುವುದನ್ನು ತಡೆಯುವ ಪಾಲಿಮರ್ ಹಾಳೆ ತಯಾರಿಸುವುದು ನನ್ನ ಎಂಫಿಲ್ ಕೆಲಸವಾಗಿತ್ತು. ಎರಡು ಸಾವಿರದ ದಶಕದ ಕೊನೆ. ನ್ಯಾನೋ ಎಂದರೆ ಸಾಕು, ದೊಡ್ಡವರೆಲ್ಲ ತಲೆದೂಗುತ್ತಿದ್ದ ಕಾಲ. ಕಾಮಾಕ್ಷಿಪಾಳ್ಯದ ನಮ್ಮ ಮನೆಯ ಹಿಂದಿನ ನುಗ್ಗೆಸೊಪ್ಪು ಕಿತ್ತುಕೊಂಡು, ಬಸ್ ಬದಲಿಸಿ ಕೆಂಗೇರಿ ಆಚೆಯ ಕಾಲೇಜಿಗೆ ಹೋಗುತ್ತಿದ್ದೆ. ಸೊಪ್ಪಿನ ಕಷಾಯಕ್ಕೆ ಸಿಲ್ವರ್ ನೈಟ್ರೇಟ್ ಬೆರೆಸಿದರೆ ಕಣ್ಣಿಗೆ ಕಾಣದ ಬೆಳ್ಳಿಯ ನ್ಯಾನೋ ಕಣಗಳು ಹುಟ್ಟುತ್ತವೆ. ಅದನ್ನು ಪಾಲಿಮರ್ ಅಂಟಿಗೆ ಕಲಸಿ, ತಟ್ಟೆಗೆ ಹುಯ್ದು ಒಣಗಿಸಿದರೆ ಹಾಳೆ ಸಿದ್ಧ. ಬೆರಳೆಲ್ಲ ಕಪ್ಪು ಕಲೆ. "ಗಂಡಿನ ಕಡೆಯವ್ರು ಬಂದ್ರೆ ಈ ಕೈಯಲ್ಲೇ ಕಾಫಿ ಕೊಡ್ತೀಯೇನೆ?" ಎಂದು ಅಮ್ಮ ಬೈಯುತ್ತಿದ್ದಳು.

ಪರೀಕ್ಷೆ ಸುಲಭ. ನೇರಳೆ ಬಣ್ಣದ ಒಂದು ದ್ರಾವಣಕ್ಕೆ ಹಾಳೆಯ ತುಂಡು ಹಾಕಬೇಕು. ಬಣ್ಣ ಹಳದಿಗೆ ತಿರುಗಿದರೆ ಹಾಳೆಗೆ ಕೆಡದಂತೆ ತಡೆಯುವ ಗುಣ ಇದೆ ಎಂದರ್ಥ. ತಿರುಗಿತು. ನನ್ನ ಗೈಡ್ ಹಿಗ್ಗಿ ಹೀರೇಕಾಯಿಯಾದರು. ನನಗೆ ಮಾತ್ರ ಅನುಮಾನ. ಬೆಳ್ಳಿ ಹಾಕದೆ, ಬರೀ ಸೊಪ್ಪಿನ ಕಷಾಯ ಬೆರೆಸಿ ಇನ್ನೊಂದು ಹಾಳೆ ಮಾಡಿದೆ. ಅದೂ ಅಷ್ಟೇ ಚೆನ್ನಾಗಿ ಬಣ್ಣ ತಿರುಗಿಸಿತು. ಅಂದರೆ ದುಡಿದದ್ದು ನುಗ್ಗೆಸೊಪ್ಪು, ಹೆಸರು ಬೆಳ್ಳಿಗೆ!

ಆ ಹಾಳೆಯ ಫಲಿತಾಂಶದ ಗ್ರಾಫ್ ಅವರಿಗೆ ತೋರಿಸಿದೆ.

"ಇದ್ಯಾಕಮ್ಮ? ಸೊಪ್ಪಿನ ಹಾಳೆ ಅಂದ್ರೆ ಯಾರ್ ನೋಡ್ತಾರೆ? ತೆಗೆದ್ಹಾಕು. ಇಲ್ದಿದ್ರೆ ನಾನು ಸೈನ್ ಹಾಕಲ್ಲ," ಎಂದರು ಗೈಡ್.

ಅವರ ಸಹಿ ಇಲ್ಲದೆ ಡಿಗ್ರಿ ಇಲ್ಲ. ಹಲ್ಲು ಕಚ್ಚಿಕೊಂಡು ತೆಗೆದೆ.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಥೀಸಿಸ್ ಮಗುಚಿ ನೋಡಿ, "ಬೆಳ್ಳಿ ಇಲ್ದೇ ಇರೋ ಹಾಳೆ ಮಾಡಿ ನೋಡ್ಲಿಲ್ವಾ?" ಎಂದರು. ನಾನು ಗೈಡ್ ಮುಖ ನೋಡಿದೆ. ಆ ಮನುಷ್ಯ, ಮಗಳಿಗೆ ಬುದ್ಧಿ ಹೇಳುವಷ್ಟು ಮೆತ್ತಗೆ, "ಹೌದಲ್ಲಮ್ಮ, ಅಷ್ಟು ಬೇಸಿಕ್ ವಿಷ್ಯ, ಯಾಕ್ ಮಾಡ್ಲಿಲ್ಲ ನೀನು?" ಎನ್ನಬೇಕೇ!

ನಾನು ಅಲ್ಲೇ ಹೇಳಿಬಿಟ್ಟೆ.

"ಮಾಡಿದೀನಿ ಸಾರ್. ತೆಗೆದ್ಹಾಕು ಅಂದಿದ್ದು ನೀವೇ."

ಪರೀಕ್ಷಕರು, ಆ ಗ್ರಾಫ್ ಸೇರಿಸಿ, ಗೈಡ್ ಸಹಿ ಹಾಕಿಸಿ ಮತ್ತೆ ಕೊಡಿ ಎಂದರು. ಸೇರಿಸಿದೆ. ಸಹಿಗೆ ಹೋದಾಗ ಗೈಡ್ ಒಂದು ಷರತ್ತು ಹಾಕಿದರು: ಆ ಹಾಳೆ ಮಾಡುವ ಯೋಚನೆ ಕೊಟ್ಟವರು ತಾವೇ ಎಂದು ಕೃತಜ್ಞತೆಯ ಪುಟದಲ್ಲಿ ಬರೆಯಬೇಕು.

ಎಂಥ ಭಂಡತನ! ನಾನು ಬರೆಯಲಿಲ್ಲ, ಅವರು ಸಹಿ ಹಾಕಲಿಲ್ಲ. ಆ ಡಿಗ್ರಿ ನನಗೆ ಸಿಗಲೇ ಇಲ್ಲ.