ತಲೆಯಿಲ್ಲದ ಎಡಗೈ ಗಿಟಾರು

ಅವಳನ್ನು ಎಲ್ಲರೂ ಎಡಚಿ ಎಂದೇ ಕರೆಯುತ್ತಿದ್ದರು. ಹಗಲು ಹೊಲಿಗೆ ಅಂಗಡಿಯಲ್ಲಿ ಬಲಗೈಯವರ ಕತ್ತರಿಯೊಡನೆ ಗುದ್ದಾಟ, ಸಂಜೆ ಹೋಟೆಲಿನ ವಾದ್ಯತಂಡದಲ್ಲಿ ಬಲಗೈಯವರ ಬೇಸ್ ಗಿಟಾರಿನೊಡನೆ. ಎಡಗೈಯದು ಎಲ್ಲಿಯೂ ಸಿಗದೆ, ಇದ್ದದ್ದನ್ನೇ ತಿರುಗಿಸಿ ಹಿಡಿದು, ಮೇಲಿರಬೇಕಾದ ದಪ್ಪ ತಂತಿಯನ್ನು ಕೆಳಗಿಟ್ಟುಕೊಂಡೇ ವರ್ಷಗಟ್ಟಲೆ ಬಾರಿಸಿದ್ದಳು.

ಸಾಲದ್ದಕ್ಕೆ ವೇದಿಕೆ ಅಂಗೈಯಗಲ. ಉಳಿದವರ ಗಿಟಾರು ಒಂದು ಕಡೆ ಚಾಚಿದರೆ ಇವಳದು ಇನ್ನೊಂದು ಕಡೆ. ಅದರ ತಲೆ, ತಂತಿ ಬಿಗಿಯುವ ಕಿವಿಗಳ ಸಮೇತ, ಹಾಡುವವನ ಪಕ್ಕೆಗೆ ತಿವಿಯುತ್ತಿತ್ತು.

"ಇನ್ನೊಂದ್ ಸಲ ತಿವಿದ್ರೆ ನಿನ್ ಜಾಗಕ್ಕೆ ಬೇರೆಯವ್ರನ್ನ ನೋಡ್ಕೋತೀನಿ," ಎಂದುಬಿಟ್ಟ ತಂಡದ ಯಜಮಾನ. ಆ ಜಾಗವೂ ಹೋದರೆ ಅವಳ ಪಾಲಿಗೆ ಉಳಿಯುವುದು ಕತ್ತರಿಯೊಂದೇ.

ಕೊನೆಗೆ ಎಡಗೈಗೆಂದೇ ಮಾಡಿದ, ತಲೆಯೇ ಇಲ್ಲದ ಗಿಟಾರನ್ನು ದೂರದಿಂದ ತರಿಸಿದಳು. ತಂತಿ ಬಿಗಿಯುವುದೆಲ್ಲ ಬುಡದಲ್ಲೇ. "ತಲೆ ಯಾರಮ್ಮ ಮುರಿದ್ರು?" ಎಂದು ಕಂಡಕಂಡವರೆಲ್ಲ ಕೇಳಿದರು. ತಲೆ ಇದ್ದವರ ಕಾಟವೇ ಅವಳಿಗೆ ಸಾಕುಸಾಕಾಗಿತ್ತು. ದಪ್ಪ ತಂತಿ ಈಗ ಮೇಲೆ. ಬೆರಳುಗಳಿಗೆ ಹಳೆಯದನ್ನು ಮರೆಸಿ ಹೊಸದನ್ನು ಕಲಿಸಲು ತಿಂಗಳುಗಳೇ ಹಿಡಿದವು. ಆದರೆ ಆ ನಾದ! ತನ್ನ ಕೈ ಇದಕ್ಕೇ ಹುಟ್ಟಿದ್ದು ಅನ್ನಿಸಿ ಒಬ್ಬಳೇ ನಕ್ಕಿದ್ದಳು.

ಮೊದಲ ಸಲ ವೇದಿಕೆಗೆ ಒಯ್ಯುವ ಮುನ್ನ, ಹೊಸ ತಂತಿ ಹಾಕಿಸಲು ಭಾವನಿಗೆ ಕೊಟ್ಟಳು. ಅವನದು ವಾದ್ಯಗಳ ಅಂಗಡಿ. ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಭಾವ ಬೆವರು ಒರೆಸಿಕೊಳ್ಳುತ್ತ ಬಂದ.

"ಮಾಡಿದವ್ರು ತಂತೀನೆಲ್ಲ ಉಲ್ಟಾ ಹಾಕಿ ಕಳ್ಸಿದ್ರಮ್ಮ! ಅಂಗಡೀಲಿರೋ ಗಿಟಾರುಗಳ ಹಾಗೇ ಎಲ್ಲಾ ಸರಿ ಮಾಡ್ದೆ. ದಪ್ಪ ತಂತಿ ಕೂರ್ತಾನೇ ಇರ್ಲಿಲ್ಲ, ಅರ ಹಾಕಿ ತಂತಿ ಕೂರೋ ಕಚ್ಚೂ ಅಗಲ ಮಾಡಿದೀನಿ."

ಅವಳ ಮೈಯೆಲ್ಲ ಉರಿದುಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ಅಯ್ಯೋ ಭಾವ, ನಿಮ್ಮನ್ನ ಸರಿ ಮಾಡಿ ಅಂತ ಯಾರ್ ಕೇಳಿದ್ರು?" ಎನ್ನುವಷ್ಟರಲ್ಲಿ ಡ್ರಮ್ಮು ಶುರುವಾಗಿತ್ತು. ಹಲ್ಲು ಕಚ್ಚಿಕೊಂಡು ವೇದಿಕೆ ಹತ್ತಿದಳು. ದಪ್ಪ ತಂತಿ ಮತ್ತೆ ಕೆಳಗೆ. ಬೆರಳುಗಳು ಹಳೆಯ ದಾರಿ ಮರೆತಿರಲಿಲ್ಲ. ಸಿಟ್ಟಿನಲ್ಲಿ ಬಾರಿಸಿದ್ದಕ್ಕೋ ಏನೋ, ಒಂದು ಪೆಟ್ಟೂ ತಪ್ಪಲಿಲ್ಲ. ಹಾಡುವವನ ಪಕ್ಕೆಯೂ ಉಳಿಯಿತು.

ಕಾರ್ಯಕ್ರಮ ಮುಗಿದದ್ದೇ ಯಜಮಾನ ಓಡಿಬಂದ. "ಭೇಷ್! ಎಡಗೈ ಗಿಟಾರು ಅಂದ್ರೆ ಇದಪ್ಪ! ನಿನ್ ಜಾಗ ನಿಂದೇ. ಇನ್ಮೇಲೆ ಹೀಗೇ ಬಾರಿಸ್ತಿರು."

ಭಾವ ಮೀಸೆ ಸವರಿಕೊಂಡ.

"ಇಷ್ಟು ವರ್ಷ ಬಾರಿಸಿದ್ದೂ ಹೀಗೇ ಸರ್," ಎಂದಳು. "ನನ್ ಎಡಗೈ ಗಿಟಾರಿನ ನಾದ ಹೇಗಿರುತ್ತೆ ಅಂತ ನೀವಿನ್ನೂ ಕೇಳೇ ಇಲ್ಲ."