ಬು ವೆನಿಂಗ್ ಅವರ ಮೊಟಕು ಪಟ್ಟಿ

ಸುಂಬರ್‌ವಾಂಗಿ ವಾರ್ಡ್ ಕಚೇರಿಯ ಒಂದನೇ ಕಿಟಕಿಯಲ್ಲಿ ಬು ವೆನಿಂಗ್ ಕೂರುತ್ತಾರೆ, ಅವರ ಪಕ್ಕದಲ್ಲಿ ಮೊಹರು ಹಿಡಿದು ನಾನು. ಇಪ್ಪತ್ತೆರಡು ವರ್ಷದಿಂದ ಹೀಗೆಯೇ. ಅವರು ಟೈಪ್ ಮಾಡುತ್ತಾರೆ, ನಾನು ಒತ್ತುತ್ತೇನೆ. ಸಲತಿಗಾ ಊರಿನ ಈ ಮೂಲೆಯಲ್ಲಿ ಮನೆ ಬದಲಿಸುವವರಿರಲಿ, ಮದುವೆಗೆ ಹೊರಟವರಿರಲಿ, ನಮ್ಮಿಬ್ಬರನ್ನು ದಾಟದೆ ಯಾರ ಕಾಗದವೂ ಮುಂದೆ ಹೋಗುವುದಿಲ್ಲ. ನನ್ನ ಹೆಸರು ಮರ್ಸುದಿ. ಮರ್ಯಾದೆಗೆ ಹೆಂಗಸರನ್ನು ‘ಬು’, ಗಂಡಸರನ್ನು ‘ಪಾಕ್’ ಎನ್ನುವುದು ನಮ್ಮ ರೂಢಿ. ಮುಂಗೋಪಿ ಅಂತ ಜನ ಹೇಳುತ್ತಾರೆ. ಅವರೂ ದಿನಕ್ಕೆ ನೂರು ಸಲ ಮೊಹರು ಒತ್ತಿ ನೋಡಲಿ, ಆಮೇಲೆ ಮಾತಾಡಲಿ.

ಹೋದ ವರ್ಷ ಒಂದು ಬೆಳಿಗ್ಗೆ ಟೀ ಲೋಟ ಎತ್ತಲು ಹೋದಾಗ ಬು ವೆನಿಂಗ್ ಅವರ ಬಲಗೈ ಏಳಲಿಲ್ಲ. ಪಾರ್ಶ್ವವಾಯು. ನಾಲ್ಕು ತಿಂಗಳು ಬಿಟ್ಟು ಕೆಲಸಕ್ಕೆ ಬಂದರು. ಕಾಲು ಸರಿಹೋಗಿತ್ತು, ಮಾತು ಸರಿಹೋಗಿತ್ತು, ಬಲಗೈ ಮಾತ್ರ ಮಡಿಲಲ್ಲೇ ಉಳಿದಿತ್ತು. ಮೊದಲು ಐದು ನಿಮಿಷದಲ್ಲಿ ಆಗುತ್ತಿದ್ದ ಪತ್ರಕ್ಕೆ ಈಗ ಇಪ್ಪತ್ತು ನಿಮಿಷ. ಎಡಗೈ ಕೀಬೋರ್ಡಿನ ಈ ತುದಿಯಿಂದ ಆ ತುದಿಗೆ ಓಡಾಡಿ ಸುಸ್ತಾಗುತ್ತಿತ್ತು. ಜನರ ಸಾಲು ಅಂಗಳ ದಾಟಿ ಬೈಕುಗಳ ನಡುವೆ ನುಗ್ಗಿತು.

ನಮ್ಮ ವಾರ್ಡಿನ ಮುಖ್ಯಸ್ಥೆಯನ್ನು ಎಲ್ಲರೂ ಬು ಲುರಾ ಎನ್ನುತ್ತೇವೆ. ಹೊಸದಾಗಿ ವರ್ಗವಾಗಿ ಬಂದವರು, ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ಕೆಟ್ಟವರಲ್ಲ, ಅವಸರದವರು.

“ಡಿಸೆಂಬರ್ ಕೊನೆಗೆ ನಿಮ್ಮ ಕರಾರು ಮುಗಿಯುತ್ತೆ ಬು ವೆನಿಂಗ್,” ಎಂದರು. “ಅಷ್ಟರಲ್ಲಿ ಸಾಲು ಕರಗಿದ್ರೆ ಈ ಕಿಟಕಿ ನಿಮ್ದೇ. ಇಲ್ಲಾಂದ್ರೆ ಹಿಂದಿನ ಕಡತದ ಕೋಣೆಗೆ ಹಾಕ್ತೀನಿ. ಅಲ್ಲಿ ನಿಮ್ಮನ್ನ ಯಾರೂ ಅವಸರ ಮಾಡಲ್ಲ.”

ಆ ಕೋಣೆಯಲ್ಲಿ ಗೆದ್ದಲಿಗೂ ಬೇಸರ ಬರುತ್ತದೆ. ಬು ವೆನಿಂಗ್ ಅವರಿಗೆ ಯಾರ ಮಗಳು ಹೆತ್ತಳು, ಯಾರ ಅಳಿಯ ಮುನಿಸಿಕೊಂಡ ಎಂಬುದೆಲ್ಲ ಗೊತ್ತಿರುವುದು ಈ ಕಿಟಕಿಯಿಂದ. ಅದು ಅವರ ಉಸಿರು.

“ಅಲ್ಲಿಗೆ ಹೋದ್ರೆ ನಾನೂ ಒಂದು ಕಡತ ಆಗ್ಬಿಡ್ತೀನಿ ಪಾಕ್,” ಎಂದು ಅವರು ನನ್ನ ಬಳಿ ಒಂದೇ ಸಲ ಹೇಳಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಮರುದಿನದಿಂದ ಊಟದ ಹೊತ್ತಿನಲ್ಲಿ ಎಡಗೈಯಲ್ಲಿ ಕರಿದ ಸೋಯಾ ತೆಂಪೆ ತಿನ್ನುವುದು, ಬೆರಳು ಒರೆಸಿಕೊಂಡು ಕಂಪ್ಯೂಟರ್ ಕೆದಕುವುದು, ಇದೇ ಕೆಲಸವಾಯಿತು. ಪತ್ರ ಬರೆಯುವ ಆ ಸಾಫ್ಟ್‌ವೇರಿನ ಹೊಟ್ಟೆಯಲ್ಲಿ ಒಂದು ಪಟ್ಟಿ ಇದೆಯಂತೆ. ನಾನು ಇಷ್ಟು ಒತ್ತಿದರೆ ನೀನು ಅಷ್ಟು ಬರಿ ಎಂದು ಅದರಲ್ಲಿ ಒಮ್ಮೆ ಹೇಳಿಟ್ಟರೆ ಸಾಕು, ಮರೆಯುವುದಿಲ್ಲ. ನಮ್ಮ ಜನವೋ ಯಾವುದನ್ನೂ ಪೂರ್ತಿ ಬರೆಯುವವರೇ ಅಲ್ಲ. ಫೋನಿನಲ್ಲಿ ಪ್ರೇಮಪತ್ರ ಬರೆದರೂ ಸ್ವರಗಳನ್ನೆಲ್ಲ ನುಂಗಿಯೇ ಬರೆಯುತ್ತಾರೆ. ಬು ವೆನಿಂಗ್ ಮಾಡಿದ್ದು ಇಷ್ಟೇ: ಊರಿನ ಈ ಚಟವನ್ನು ಕಚೇರಿಗೆ ತಂದರು. ಎರಡಕ್ಷರ ಒತ್ತಿ ಸ್ಪೇಸ್ ಕೊಟ್ಟರೆ ‘ಕೆಳಗೆ ಸಹಿ ಮಾಡಿರುವ ನಾನು, ಸುಂಬರ್‌ವಾಂಗಿ ವಾರ್ಡಿನ ಮುಖ್ಯಸ್ಥೆ, ಸತ್ಯವಾಗಿ ದೃಢೀಕರಿಸುವುದೇನೆಂದರೆ’ ಎಂಬ ಉದ್ದದ ಸಾಲು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಪ್ರಿಂಟ್ ಕೊಡಲು ಒಟ್ಟಿಗೆ ಒತ್ತಬೇಕಾದ ಎರಡು ಕೀಗಳಲ್ಲಿ ಒಂದು ಈ ದಡದಲ್ಲಿ, ಇನ್ನೊಂದು ಆ ದಡದಲ್ಲಿ. ಅದನ್ನು ಎಡಗೈಗೆ ಎಟುಕುವ ಎರಡು ಕೀಗಳಿಗೆ ಬದಲಿಸಿದರು. ಪರದೆಯ ಮೇಲ್ಭಾಗದಲ್ಲಿ ಸಂತೆಯಂತೆ ತುಂಬಿದ್ದ ಗುಂಡಿಗಳಲ್ಲಿ ಆರನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಅಡಗಿಸಿದರು.

“ಇಷ್ಟೆಲ್ಲ ಬೇಕಾ? ಟೈಪ್‌ರೈಟರ್ ಕಾಲದಲ್ಲಿ ನಾವೇನು ಕೆಲಸ ಮಾಡ್ಲಿಲ್ವಾ?” ಎಂದು ನಾನು ಕೊಂಕು ತೆಗೆದೆ.

“ಆ ಕಾಲದಲ್ಲಿ ನಂಗೆ ಎರಡು ಕೈ ಇತ್ತು ಪಾಕ್. ನಿಮ್ಗೆ ತಲೆ ತುಂಬ ಕೂದಲಿತ್ತು.”

ನವೆಂಬರ್ ಹೊತ್ತಿಗೆ ಪಟ್ಟಿಯಲ್ಲಿ ನೂರ ನಲವತ್ತು ಮೊಟಕುಗಳಾದವು. ಒಂದು ಪತ್ರಕ್ಕೆ ನಾಲ್ಕು ನಿಮಿಷ. ಸಾಲು ಮತ್ತೆ ಅಂಗಳದೊಳಗೆ ಬಂತು. ಬು ಲುರಾ ಗಡಿಯಾರ ನೋಡುವುದನ್ನು ಕಡಿಮೆ ಮಾಡಿದರು. ನನಗೆ ಒಳಗೊಳಗೇ ಖುಷಿ. ಹೊರಗೆ ತೋರಿಸಲಿಲ್ಲ, ತೋರಿಸಿದರೆ ಮುಂಗೋಪಿ ಎಂಬ ಹೆಸರು ಹಾಳಾಗುತ್ತದೆ.

ಗುರುವಾರ ಗುರುವಾರ ಬು ವೆನಿಂಗ್ ಕೈಗೆ ವ್ಯಾಯಾಮ ಮಾಡಿಸಲು ಆಸ್ಪತ್ರೆಗೆ ಹೋಗುತ್ತಾರೆ. ಆ ದಿನ ಅವರ ಕುರ್ಚಿಯಲ್ಲಿ ನಾನು. ಅಂಥ ಒಂದು ಗುರುವಾರ ಸೈಕಲ್ ರಿಪೇರಿಯ ಪಾಕ್ ಪೊನಿರಾನ್ ಬಂದರು. ವಯಸ್ಸು ಅರವತ್ತೆಂಟು, ಹೆಂಡತಿ ತೀರಿಕೊಂಡು ಆರು ವರ್ಷ. ಕೂದಲಿಗೆ ಎಣ್ಣೆ, ಮೈಮೇಲೆ ಇಸ್ತ್ರಿ ಮಾಡಿದ ಬಾತಿಕ್ ಅಂಗಿ.

“ಮದುವೆಗೆ ಕಾಗದ ಬೇಕಿತ್ತು ಪಾಕ್ ಮರ್ಸುದಿ.”

“ಯಾರ ಮದುವೆ?”

“ನಂದೇ,” ಎಂದು ಕಿವಿಯವರೆಗೆ ಕೆಂಪಾದರು. ಹುಡುಗಿ ಅಂದರೆ, ಮಾರುಕಟ್ಟೆಯಲ್ಲಿ ಪೆಚೆಲ್, ಅಂದರೆ ಕಡಲೆಕಾಯಿ ಚಟ್ನಿ ಸುರಿದ ಸೊಪ್ಪು, ಮಾರುವ ಬು ಕಾಸಿನೆಮ್. ಆ ಹುಡುಗಿಗೆ ಅರವತ್ತೊಂದು.

ನಾನು ಟೈಪ್‌ರೈಟರಿನಲ್ಲಿ ಕಲಿತವನು. ಕಣ್ಣು ಮುಂದಿನ ಚೀಟಿಯ ಮೇಲಿರಬೇಕು, ಬೆರಳು ತಾನಾಗಿ ಓಡಬೇಕು, ಆಚೆ ಏನು ಮೂಡುತ್ತಿದೆ ಎಂದು ನೋಡುವವನು ಕಲಿಯದವನು. ಅದು ನಮ್ಮ ಮೇಷ್ಟ್ರು ಕಲಿಸಿದ ಗತ್ತು. ಆ ಗತ್ತಿನಲ್ಲೇ ಪೊನಿರಾನ್ ಎಂದು ಹೊಡೆದೆ, ಮುಂದೆ ‘ಅಲಾಮತ್’, ಅಂದರೆ ವಿಳಾಸ, ಎನ್ನಲು ನಮ್ಮೂರಿನ ಚಟದಂತೆ ಎ-ಎಲ್-ಎಂ ಎಂದು ಮೂರಕ್ಷರ ಹೊಡೆದು ಬೀದಿಯ ಹೆಸರು ಸೇರಿಸಿದೆ. ಪ್ರಿಂಟ್ ತೆಗೆದೆ, ಬು ಲುರಾ ಓದದೆ ಸಹಿ ಹಾಕಿದರು, ನಾನು ಓದದೆ ಮೊಹರು ಒತ್ತಿದೆ.

ಸೋಮವಾರ ಬಾಗಿಲು ತೆಗೆಯುವ ಮೊದಲೇ ಪೊನಿರಾನ್ ನಿಂತಿದ್ದರು, ಪಕ್ಕದಲ್ಲಿ ಕಾಸಿನೆಮ್. ಅಂದು ಬು ವೆನಿಂಗ್ ತಮ್ಮ ಕುರ್ಚಿಯಲ್ಲಿದ್ದರು. ಪೊನಿರಾನ್ ಕಾಗದವನ್ನು ಕಿಟಕಿಗೆ ಬಡಿದರು.

“ಮದುವೆ ನೋಂದಣಿ ಕಚೇರೀಲಿ ನಕ್ಕು ವಾಪಸ್ ಕಳಿಸಿದ್ರು. ನೋಡಿ, ನಾನು ಸತ್ತಿದ್ದೀನಂತೆ!”

ನೋಡಿದೆವು. ‘ಪೊನಿರಾನ್ ಅಲ್ಮಾರ್ಹುಮ್’ ಎಂದಿತ್ತು. ಎಂದರೆ ದಿವಂಗತ ಪೊನಿರಾನ್. ಕಾಸಿನೆಮ್ ಸೊಂಟದ ಮೇಲೆ ಕೈಯಿಟ್ಟು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು:

“ನನ್ನ ಮೊದಲ್ನೇ ಗಂಡ ಮದುವೆಯಾಗಿ ಹನ್ನೆರಡು ವರ್ಷಕ್ಕೆ ಹೋದ. ಇವ್ರು ಮದುವೆಗೆ ಮೊದ್ಲೇ ಹೋಗಿದ್ದಾರೆ. ಒಳ್ಳೇದಾಯ್ತು, ಬೇಯಿಸಿ ಹಾಕೋ ಕೆಲಸ ಉಳೀತು!”

ಸಾಲು ಗೊಳ್ಳೆಂದಿತು. ಪೊನಿರಾನ್ ನಗಲಿಲ್ಲ. “ಹೆಸರು ಕೊಡೋಕೆ ಇವತ್ತೇ ಕೊನೇ ದಿನ. ತಪ್ಪಿದ್ರೆ ಉಪವಾಸದ ತಿಂಗಳು ಕಳೆದ ಮೇಲೇನೇ,” ಎಂದರು.

ಗಲಾಟೆ ಕೇಳಿ ಬು ಲುರಾ ಹೊರಗೆ ಬಂದರು. ಕಾಗದ ನೋಡಿ ಅವರ ಮುಖ ಬಿಗಿಯಾಯಿತು. “ಇದು ಹೇಗಾಯ್ತು?”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಅದನ್ನೇ ಅಂದೆ. “ಆ ಮೊಟಕು ಪಟ್ಟಿ ಇದೆಯಲ್ಲ ಬು, ಅದು ತಾನಾಗೇ ಏನೇನೋ ಬರೆಯುತ್ತೆ.”

ಬು ವೆನಿಂಗ್ ನನ್ನ ಕಡೆ ತಿರುಗಿದರು. ಅವರಿಗೆ ಒಂದೇ ಕ್ಷಣದಲ್ಲಿ ಎಲ್ಲ ಹೊಳೆದಿತ್ತು. ವಾರಸುದಾರರ ಪತ್ರಗಳಿಗಾಗಿ ಎ-ಎಲ್-ಎಂ ಎಂದರೆ ದಿವಂಗತ ಎಂದು ಪಟ್ಟಿಗೆ ಹೇಳಿಕೊಟ್ಟವರು ಅವರೇ. ಅದನ್ನೇ ವಿಳಾಸವೆಂದು ಒತ್ತಿದ ಮೂರ್ಖ ಯಾರು, ಗುರುವಾರ ಆ ಕುರ್ಚಿಯಲ್ಲಿ ಕೂತವನು ಯಾರು ಎಂಬುದಕ್ಕೆ ಪೊಲೀಸರು ಬೇಕಿರಲಿಲ್ಲ. ಆದರೂ ಅವರು ಹೇಳಿದ್ದು ಇಷ್ಟೇ:

“ಹೌದು ಬು. ಪಟ್ಟಿ ನಂದೇ.”

“ಹಾಗಾದ್ರೆ ಅಷ್ಟೂ ಅಳಿಸಿ, ಈಗಲೇ. ಕಂಪ್ಯೂಟರ್ ಬಂದಾಗ ಹೇಗಿತ್ತೋ ಹಾಗೇ ಇರ್ಲಿ. ಇನ್ನೊಬ್ರನ್ನ ಸಾಯಿಸೋದು ಬೇಡ.”

ಪಟ್ಟಿ ಅಳಿದರೆ ಒಂದು ಪತ್ರಕ್ಕೆ ಮತ್ತೆ ಇಪ್ಪತ್ತು ನಿಮಿಷ. ಡಿಸೆಂಬರ್ ಮುಗಿಯಲು ಮೂರು ವಾರ. ಆಮೇಲೆ ಕಡತದ ಕೋಣೆ. ಇದು ನನಗೂ ಗೊತ್ತು, ಅವರಿಗೂ ಗೊತ್ತು. ಬು ವೆನಿಂಗ್ ಪಟ್ಟಿ ತೆರೆದರು. ಎಡಗೈ ಬೆರಳು ಅಳಿಸುವ ಕೀ ಮೇಲೆ ಹೋಯಿತು. ಒಂದು ಸಾಲು ಮಾಯವಾಯಿತು.

ನನಗೆ ತಡೆಯಲಾಗಲಿಲ್ಲ. ನಾಚಿಕೆಯಿಂದ ಮೈ ಬಿಸಿಯಾಯಿತು. ಇಪ್ಪತ್ತೆರಡು ವರ್ಷ ನನ್ನ ಕೋಪ, ನನ್ನ ಕೊಂಕು ಸಹಿಸಿದ ಹೆಂಗಸು ಈಗ ನನ್ನ ತಪ್ಪಿಗೆ ತನ್ನ ಕೈಯನ್ನೇ ಕಡಿದುಕೊಳ್ಳುತ್ತಿದ್ದಳು.

“ನಿಲ್ಸಿ ಬು ವೆನಿಂಗ್!” ಎಂದೆ. ಜೋರಾಗಿಯೇ ಬಂತು. “ಬು ಲುರಾ, ಟೈಪ್ ಮಾಡಿದ್ದು ನಾನು. ಪರದೆ ನೋಡ್ಲಿಲ್ಲ. ಮೊಹರು ಒತ್ತೋವಾಗ್ಲೂ ಓದ್ಲಿಲ್ಲ. ಈಗ ಸುಳ್ಳೂ ಹೇಳಿದೆ. ಕಡತದ ಕೋಣೆಗೆ ಯಾರಾದ್ರೂ ಹೋಗ್ಬೇಕು ಅಂದ್ರೆ ನಾನು ಹೋಗ್ತೀನಿ.”

“ಸಹಿ ಹಾಕಿದವ್ರೂ ಓದ್ಲಿಲ್ಲ ಅಂತಾಯ್ತು,” ಎಂದು ಕಾಸಿನೆಮ್ ಮೇಲೆ ತಿರುಗುತ್ತಿದ್ದ ಫ್ಯಾನಿಗೆ ಹೇಳಿದರು.

ಬು ಲುರಾ ಕೆಂಪಾದರು. ಕಾಗದದ ಮೇಲಿನ ತಮ್ಮ ಸಹಿಯನ್ನು ಒಂದು ಗಳಿಗೆ ನೋಡಿದರು. ಆಮೇಲೆ, “ಆ ದಿವಂಗತ ಅನ್ನೋದೊಂದನ್ನಾದ್ರೂ ತೆಗೀರಿ,” ಎಂದರು. ದನಿ ಇಳಿದಿತ್ತು.

“ಅದನ್ನೇ ಮೊದ್ಲು ತೆಗ್ದೆ ಬು,” ಎಂದರು ಬು ವೆನಿಂಗ್. “ಸತ್ತೋರಿಗೆ ಏನು ಅವಸರ? ಇನ್ಮೇಲೆ ಅವ್ರದ್ದನ್ನ ಪೂರ್ತಿ ಬರೀತೀನಿ.”

“ಬೇರೆ ಯಾವ್ದೂ ಅಳಿಸ್ಬೇಡಿ. ಇವ್ರ ಪತ್ರ ಮಾಡಿ.”

ಎಡಗೈ ಹೊರಟಿತು. ಎರಡಕ್ಷರಕ್ಕೆ ಒಂದು ಸಾಲು, ಮೂರಕ್ಷರಕ್ಕೆ ಇನ್ನೊಂದು. ಬು ಲುರಾ ಕುರ್ಚಿಯ ಹಿಂದೆಯೇ ನಿಂತಿದ್ದರು. ಅವರು ಹತ್ತಿರ ನಿಂತು ಇದನ್ನು ನೋಡಿದ್ದು ಅದೇ ಮೊದಲು. ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಬು ವೆನಿಂಗ್ ಪತ್ರವನ್ನು ನನಗೆ ಕೊಡದೆ ಪೊನಿರಾನ್‌ಗೆ ಕೊಟ್ಟರು. “ಮೊಹರಿಗೆ ಮುಂಚೆ ಜೋರಾಗಿ ಓದಿ.”

ಪೊನಿರಾನ್ ಬೆರಳಿಟ್ಟು ಓದಿದರು. ತಮ್ಮ ಹೆಸರು, ಬೀದಿ, ಮನೆ ನಂಬರು.

“ಬದುಕಿದ್ದಾರಾ?” ಎಂದು ಸಾಲಿನಿಂದ ಯಾರೋ ಕೂಗಿದರು.

“ಬದುಕಿದ್ದಾರೆ, ನನ್ನ ಗ್ರಹಚಾರ,” ಎಂದ ಕಾಸಿನೆಮ್ ಪೊನಿರಾನ್ ತೋಳು ಹಿಡಿದು ದರದರನೆ ಎಳೆದುಕೊಂಡು ಹೋದರು. ಮಧ್ಯಾಹ್ನದೊಳಗೆ ಹೆಸರು ನೋಂದಣಿಯಾಯಿತು. ಮದುವೆಯ ಪೆಚೆಲ್ ನಮಗೂ ಬಂತು. ಮೆಣಸಿನಕಾಯಿ ಹಾಕಿದ್ದು ನನ್ನ ಮೇಲಿನ ಸಿಟ್ಟಿಗೇ ಇರಬೇಕು, ಎರಡು ದಿನ ಬಾಯಿ ಉರಿಯಿತು.

ಅಂದಿನಿಂದ ಯಾವ ಪತ್ರವೇ ಆಗಲಿ, ಜೋರಾಗಿ ಓದಿದ ಮೇಲೇ ಮೊಹರು. ಓದಲು ಬಾರದವರಿಗೆ ನಾನೇ ಓದುತ್ತೇನೆ. ಹಾಗೆ ಓದಿದರೂ ಸಾಲು ಹನ್ನೊಂದು ಗಂಟೆಯೊಳಗೆ ಕರಗುತ್ತಿತ್ತು. ಪಟ್ಟಿಯ ಒಂದು ಪ್ರತಿಯನ್ನು ನನ್ನ ಮೇಜಿನಲ್ಲಿ ಧೂಳು ತಿನ್ನುತ್ತಿದ್ದ ಕಂಪ್ಯೂಟರಿಗೂ ಹಾಕಿಸಿಕೊಂಡೆ. ಕಲಿಯುವಾಗ ಬು ವೆನಿಂಗ್ ನನ್ನ ಬೆರಳಿನ ಮೇಲೆ ಸ್ಕೇಲಿನಿಂದ ತಟ್ಟುತ್ತಿದ್ದರು. “ಪರದೆ ನೋಡಿ ಪಾಕ್, ಪರದೆ!”

ಡಿಸೆಂಬರ್ ಕೊನೆಯ ಶುಕ್ರವಾರ ಬು ಲುರಾ ಕಿಟಕಿಗೆ ಬಂದು ಒಂದು ಚೀಟಿ ಇಟ್ಟರು. “ಇದನ್ನ ಟೈಪ್ ಮಾಡಿ. ನಾನು ಓದಿ ಸಹಿ ಹಾಕ್ತೀನಿ.”

ಬು ವೆನಿಂಗ್ ಚೀಟಿ ನೋಡಿದರು. ಅವರ ಕೈ ನಿಂತಿತು. ಆಮೇಲೆ ಟೈಪ್ ಮಾಡಿದರು, ಪ್ರಿಂಟ್ ತೆಗೆದರು. ಬು ಲುರಾ ಎರಡು ಸಲ ಓದಿ ಸಹಿ ಹಾಕಿದರು. ಕಾಗದ ನನ್ನ ಮುಂದೆ ಬಂತು.

“ನೀವೇ ಓದ್ಬಿಡಿ ಪಾಕ್,” ಎಂದರು ಬು ವೆನಿಂಗ್. “ನನ್ನಿಂದ ಆಗಲ್ಲ.”

ಎದ್ದು ನಿಂತು ಓದಿದೆ. ಶ್ರೀಮತಿ ವೆನಿಂಗ್ ಅವರು ಬರುವ ಜನವರಿ ಒಂದರಿಂದ ಒಂದು ವರ್ಷ ಒಂದನೇ ಕಿಟಕಿಯಲ್ಲಿಯೇ ಕೆಲಸ ಮುಂದುವರಿಸತಕ್ಕದ್ದು.

“ಕೇಳಿಸ್ಲಿಲ್ಲ, ಇನ್ನೊಂದ್ಸಲ ಓದಿ,” ಎಂದು ಸಾಲಿನ ಹಿಂದಿನಿಂದ ಯಾರೋ ಕೂಗಿದರು.

ನಾನು ಇನ್ನೊಮ್ಮೆ ಓದಿದೆ, ಆಮೇಲೆ ಮೊಹರು ಒತ್ತಿದೆ.