ತಬಲಾದವರ ಜಾಗ

ಚಾ ಕುಡಕೋತ ಕೇಳ್ರಿ, ಗದಗ-ಬೆಟಗೇರಿ ಸುತ್ತಮುತ್ತ ನನ್ನ ಮನ್ಯಾಗಿನಂಥ ಸ್ಪೀಕರ್ ಜೋಡಿ ಯಾರ ಹತ್ರಾನೂ ಇಲ್ಲ. ಸುಳ್ಳು ಹೇಳಿದೆ. ಡೋಣಿ ಊರಿನ ಒಬ್ಬ ಟೇಲರನ ಮನ್ಯಾಗ ಅದಕ್ಕಿಂತ ಚಲೋದು ಐತಿ.

ಅವನ ಹೊಲಿಗಿ ಮಶೀನು ರಿಪೇರಿ ಮಾಡಾಕ ಹೋಗಿದ್ದೆ. ಕೆಲಸ ಮುಗಿದ ಮ್ಯಾಲೆ ಒಂದು ಹಿಂದೂಸ್ತಾನಿ ಗಾಯನ ಹಚ್ಚಿದ. ಗಾಯಕ ಖರೇನ ಎರಡು ಸ್ಪೀಕರಿನ ನಡುವ ಬಂದು ಕುಂತಂಗಾತು. ನನ್ನ ಹೊಟ್ಟ್ಯಾಗ ಕೆಂಡ ಬಿತ್ತು.

"ಇದೊಂದ ಕಛೇರಿದು ನಾಕು ರೆಕಾರ್ಡಿಂಗ್ ತಂದು ಹೋಲಿಸೇನ್ರಿ, ಅಣ್ಣಾರ. ನಾಕರಾಗೂ ಏನೋ ತಪ್ಪೈತಿ, ಏನಂತ ತಿಳಿವಲ್ದು," ಅಂದು ನೀರು ತರಾಕ ಒಳಗ ಹೋದ.

ಅಷ್ಟರಾಗ ನಾನು ಎಡ-ಬಲದ ಸ್ಪೀಕರಿನ ವಾಯರು ಅದಲುಬದಲು ಮಾಡಿದೆ. ಅವನ ಸುಖ ಒಂದೀಟು ಕೆಡಲಿ ಅಂತ.

ಬಂದ, ಮತ್ತ ಹಚ್ಚಿದ, ಕಣ್ಣು ಮುಚ್ಚಿದ. "ಸಿಕ್ತು ನೋಡ್ರಿ. ಕಛೇರಿಯಾಗ ತಬಲಾದವರು ನಮ್ಮ ಎಡಕ್ಕ ಕುಂದರ್ತಾರ. ನನ್ನ ಮನ್ಯಾಗ ಇಷ್ಟು ದಿನ ಬಲಕ್ಕ ಕುಂತಿದ್ರು. ಏನ್ ಮಾಡಿದ್ರಿ?"

"ನೀವು ವಾಯರು ತಿರುವುಮುರುವು ಹಚ್ಚಿದ್ರಿ. ಕೇಳಿದ ಕೂಡ್ಲೆ ನನಗ ಗೊತ್ತಾತು," ಅಂದೆ.

ಪಾಪ, ನನ್ನ ಕಾಲು ಮುಟ್ಟಾಕ ಬಗ್ಗಿದ. ಮೊದಲ ಚಲೋ ಇದ್ದದ್ದನ್ನ ನಾನ ನನ್ನ ಕೈಯಾರೆ ಇನ್ನೂ ಚಲೋ ಮಾಡಿ ಬಂದೀನಿ. ಇಷ್ಟು ಹೊಟ್ಟಿ ಉರಿಯೋ ಮನಷಾಗ ಚಾದ ರೊಕ್ಕಾನೂ ಕೇಳಬ್ಯಾಡ್ರಿ, ಇವತ್ತಿಂದು ನೀವ ಕೊಡ್ರಿ.